ಸ್ಕ್ರೂ ಮುಟ್ಟುವ ಮೊದಲು: ಹಳೆಯ ಕಾರಿನ ಐಡ್ಲಿಂಗ್ ತೊಂದರೆ

(ಚಿಕ್ಕಬಳ್ಳಾಪುರದಲ್ಲಿ ಹಳೆಯ ಕಾರುಗಳ ಮಾಲೀಕರು ಮತ್ತು ಗ್ಯಾರೇಜಿನ ಹುಡುಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವ ಮೊದಲು ಅಂಗಳದಲ್ಲಿ ನಿಂತಿರುವ ಗಾಡಿಗಳನ್ನು ಒಂದು ಸುತ್ತು ನೋಡಿಕೊಂಡು ಬಂದೆ. ಪದ್ಮಿನಿಗಳೇ ಹೆಚ್ಚು, ಅಂಬಾಸಿಡರ್ ಕೆಲವು, ಮೂಲೆಯಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಬಾನೆಟ್ ಎತ್ತಿದಲ್ಲೆಲ್ಲ ಒಂದೇ ನೋಟ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂವಿನ ತಲೆ ಸವೆದು ಹೋಗಿದೆ, ಸೀಳಿನ ಅಂಚು ಕಿತ್ತು ಬಂದಿದೆ. ಅದೇ ಗಾಡಿಯ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಕವರಿನ ನಟ್ಟುಗಳ ಮೇಲೆ ಧೂಳು ಹೆಪ್ಪುಗಟ್ಟಿ ಕೂತಿದೆ. ಅವುಗಳಿಗೆ ಸ್ಪ್ಯಾನರ್ ತಾಗಿ ಎಷ್ಟು ಕಾಲವಾಯಿತೋ. ನಮ್ಮ ಕಡೆಯ ಹಳೆಯ ಕಾರುಗಳ ಚರಿತ್ರೆಯೆಲ್ಲ ಈ ಎರಡು ನೋಟಗಳಲ್ಲಿದೆ. ಗಾಡಿ ನಿಂತಲ್ಲಿ ನಡುಗಿದರೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ, ಸಿಗ್ನಲ್ಲಿನಲ್ಲಿ ಆಫ್ ಆದರೆ, ಮೊದಲು ಕೈ ಹೋಗುವುದು ಆ ಸ್ಕ್ರೂವಿಗೆ. ಅದು ಸುಲಭವಾಗಿ ಸಿಗುತ್ತದೆ, ತಿರುಗಿಸಿದರೆ ಏನಾದರೂ ಬದಲಾಗುತ್ತದೆ, ಗಿರಾಕಿಗೆ ಕೆಲಸ ನಡೆಯುತ್ತಿದೆ ಎನಿಸುತ್ತದೆ.

ನಾನು ಇವತ್ತು ಹೇಳಲು ಬಂದಿರುವುದು ಇಷ್ಟು. ಆ ಸ್ಕ್ರೂ ಹೊಂದಿಸುವ ಸಾಧನ ನಿಜ. ಆದರೆ ಹಳೆಯ ಗಾಡಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಅದು ಒಬ್ಬ ಸಾಕ್ಷಿ. ಪೆಟ್ರೋಲ್ ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ಅದನ್ನು ಕೇಳಿಯೇ ತಿಳಿಯಬೇಕು. ಉತ್ತರ ಸಿಕ್ಕ ಮೇಲೆ ಹೊಂದಿಸುವುದು ದೊಡ್ಡ ಕೆಲಸವಲ್ಲ.

ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ನಿಧಾನವಾಗಿ ಓಡುವಾಗ) ಒಳಗೆ ನಡೆಯುವುದೇನು? ಆಕ್ಸಿಲರೇಟರ್ ಬಿಟ್ಟಾಗ ಗಾಳಿಯ ದಾರಿಗೆ ಅಡ್ಡ ಇರುವ ಥ್ರಾಟಲ್ ಪ್ಲೇಟ್ ಬಹುತೇಕ ಮುಚ್ಚಿರುತ್ತದೆ. ಅದರ ಮೇಲ್ಭಾಗದಲ್ಲಿ ಗಾಳಿ ನಿಧಾನವಾಗಿ ಚಲಿಸುತ್ತದೆ, ಆದ್ದರಿಂದ ಓಡುವಾಗ ಪೆಟ್ರೋಲ್ ಅಳೆದು ಕೊಡುವ ರಂಧ್ರವಾದ ಮೇನ್ ಜೆಟ್‌ನಿಂದ ಪೆಟ್ರೋಲ್ ಎಳೆದುಕೊಳ್ಳುವ ಶಕ್ತಿ ಅಲ್ಲಿ ಇರುವುದಿಲ್ಲ. ಮೇನ್ ಜೆಟ್ ಆಗ ನಿದ್ರೆಯಲ್ಲಿರಬೇಕು. ಪ್ಲೇಟಿನ ಕೆಳಗೆ ಮಾತ್ರ ಎಂಜಿನ್ನಿನ ಬಲವಾದ ಹೀರುವಿಕೆ ಇರುತ್ತದೆ. ಪೈಲಟ್ ಜೆಟ್ ಮೂಲಕ ಬಂದ ಪೆಟ್ರೋಲ್, ಒಂದು ಸಣ್ಣ ಏರ್ ಜೆಟ್ಟಿನ ಗಾಳಿಯೊಂದಿಗೆ ಬೆರೆತು, ಪ್ಲೇಟಿನ ಕೆಳಗಿರುವ ಸೂಜಿ ರಂಧ್ರದಿಂದ ಹೊರಬರುತ್ತದೆ. ಆ ರಂಧ್ರದ ಬಾಯಿಗೆ ಅಡ್ಡ ನಿಂತಿರುವುದೇ ನಮ್ಮ ಮಿಕ್ಸ್ಚರ್ ಸ್ಕ್ರೂ. ಪದ್ಮಿನಿಯ ಸೊಲೆಕ್ಸ್ ಮಾದರಿಯ ಕಾರ್ಬ್ಯುರೇಟರ್‌ಗಳ ವ್ಯವಸ್ಥೆ ಇದು. ಅಂಬಾಸಿಡರಿನ ಎಸ್‌ಯು ಬೇರೆ ಜಾತಿ, ಅದಕ್ಕೆ ಆಮೇಲೆ ಬರುತ್ತೇನೆ.

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇಂಥ ಹಳೆಯ ಎಂಜಿನ್‌ಗಳು ಐಡ್ಲಿಂಗ್‌ನಲ್ಲಿ ಇದಕ್ಕಿಂತ ತುಸು ಹೆಚ್ಚು ಪೆಟ್ರೋಲ್ ಬೇಡುತ್ತವೆ, ಹದಿಮೂರರ ಆಸುಪಾಸು. ಆದ್ದರಿಂದ ಸ್ವಲ್ಪ ರಿಚ್, ಅಂದರೆ ಪೆಟ್ರೋಲ್ ಹೆಚ್ಚು, ಇರುವುದು ದೋಷವಲ್ಲ. ಪ್ಲಗ್ ಮಸಿ ಹಿಡಿದು, ಕಣ್ಣು ಉರಿದು, ಎಂಜಿನ್ ಏರುತ್ತ ಇಳಿಯುತ್ತ ಉಬ್ಬಸಪಡುವಷ್ಟು ರಿಚ್ ಆದರೆ ದೋಷ.

ಇಲ್ಲಿ ಒಬ್ಬ ಹುಡುಗ ಕೇಳಿದ: "ಸಾರ್, ಪೆಟ್ರೋಲ್ ವಾಸನೆ ಬಂದರೆ ರಿಚ್ ಅಂತಲೇ ಅಲ್ಲವೇ?" ಅಲ್ಲ, ತಮ್ಮ. ಹೆಚ್ಚಿನವರು ಎಡವುವ ಜಾಗ ಇದೇ. ಒಂದು ಸಿಲಿಂಡರ್ ಕಿಡಿ ಹಿಡಿಯದೆ ಮಿಸ್ಸಿಂಗ್ ಹೊಡೆದರೆ ಅದರ ಪೆಟ್ರೋಲೆಲ್ಲ ಉರಿಯದೆ ಸೈಲೆನ್ಸರಿಗೆ ಬರುತ್ತದೆ. ವಾಸನೆ ಅದೇ, ಕಾಯಿಲೆ ಬೇರೆ. ಮಿಶ್ರಣ ತೀರಾ ಲೀನ್ ಆದಾಗಲೂ, ಅಂದರೆ ಪೆಟ್ರೋಲ್ ಸಾಲದಾದಾಗಲೂ, ಉರಿಯುವುದು ತಪ್ಪಿ ಅದೇ ವಾಸನೆ ಬರುತ್ತದೆ. ಅಂಥ ಗಾಡಿಗೆ ರಿಚ್ ಎಂದು ತೀರ್ಪು ಕೊಟ್ಟು ಸ್ಕ್ರೂ ಇನ್ನಷ್ಟು ಒಳಗೆ ಹಾಕಿದರೆ ಅದು ಸ್ಟಾರ್ಟ್ ಆಗುವುದನ್ನೂ ನಿಲ್ಲಿಸುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಪ್ಲಗ್ ಬಿಚ್ಚಿ ನಾಲ್ಕನ್ನೂ ಸಾಲಾಗಿ ಇಡಿ. ನಾಲ್ಕಕ್ಕೂ ಒಣ ಕಪ್ಪು ಮಸಿ, ಬೆರಳಿಗೆ ಮೆತ್ತಿಕೊಳ್ಳುವಂಥದ್ದು, ಇದ್ದರೆ ರಿಚ್. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಕಡೆ ನೋಡಬೇಕು. ಒಂದೇ ಪ್ಲಗ್ ಕಪ್ಪಾಗಿ ಉಳಿದ ಮೂರು ಕಂದು ಬಣ್ಣಕ್ಕಿದ್ದರೆ ಕಾರ್ಬ್ಯುರೇಟರ್ ಬಿಟ್ಟುಬಿಡಿ. ನಾಲ್ಕು ಸಿಲಿಂಡರಿಗೂ ಉಣಿಸುವ ಒಂದೇ ಕಾರ್ಬ್ಯುರೇಟರ್ ಒಬ್ಬರಿಗೆ ಮಾತ್ರ ಹೆಚ್ಚು ಬಡಿಸುವುದಿಲ್ಲ. ಆ ಸಿಲಿಂಡರಿನ ಕಿಡಿ, ವಾಲ್ವ್, ಕಂಪ್ರೆಷನ್ ನೋಡಿ.

ಇನ್ನೊಂದು ಪರೀಕ್ಷೆ ಕೈಯಲ್ಲೇ ಆಗುತ್ತದೆ. ಏರ್ ಫಿಲ್ಟರ್ ತೆಗೆದು, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಾರ್ಬ್ಯುರೇಟರಿನ ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚಿ. ಗಾಡಿ ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲದಾಗಿತ್ತು. ಇನ್ನಷ್ಟು ಮಂಕಾದರೆ ಮೊದಲೇ ಹೆಚ್ಚಾಗಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಟ್ಯೂಬ್ ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯಿಂದ) ಬಂದಿದ್ದರೆ ಅದನ್ನು ಒಂದು ಗಳಿಗೆ ಕಿತ್ತು ನೋಡಬಹುದು. ಆ ಹೆಚ್ಚುವರಿ ಗಾಳಿಯಿಂದ ಓಟ ಸುಧಾರಿಸಿದರೆ ರಿಚ್ ಎಂಬುದಕ್ಕೆ ಅದೂ ಪುರಾವೆ.

ಇವೆಲ್ಲಕ್ಕಿಂತ ಖಚಿತವಾದದ್ದು ಎಮಿಷನ್ ಟೆಸ್ಟ್ ಕೇಂದ್ರದಲ್ಲಿದೆ. ನಾವು ಸರ್ಟಿಫಿಕೇಟ್ ಮಡಚಿ ಡ್ಯಾಶ್‌ಬೋರ್ಡಿಗೆ ಹಾಕಿ ಮರೆಯುತ್ತೇವೆ, ಅದರಲ್ಲಿರುವ ಅಂಕಿಗಳನ್ನು ಓದುವುದಿಲ್ಲ. ಭಾರತ್ ಸ್ಟೇಜ್ 2 ಎಂಬ ಹೊಗೆ ನಿಯಮಕ್ಕೆ ಮೊದಲಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3, ಹೈಡ್ರೋಕಾರ್ಬನ್ (ಉರಿಯದ ಪೆಟ್ರೋಲ್) ಮಿತಿ 1500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 1500 ಪಾಲು. ಮೊನಾಕ್ಸೈಡ್ ಮಿತಿ ಮೀರಿ ಏರಿದ್ದರೆ ಮಿಶ್ರಣ ರಿಚ್. ಮೊನಾಕ್ಸೈಡ್ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಾತ್ರ ಜಿಗಿದಿದ್ದರೆ ಮಿಸ್ಸಿಂಗ್. ಕಿಡಿಯನ್ನೋ, ಗಾಳಿ ಸೋರಿಕೆಯನ್ನೋ ಹುಡುಕಬೇಕು. ಕಡಿಮೆ ಖರ್ಚಿನಲ್ಲಿ ಇಷ್ಟು ಒಳ್ಳೆಯ ರೋಗನಿರ್ಣಯ ಬೇರೆಲ್ಲೂ ಸಿಗುವುದಿಲ್ಲ.

ಕಿಡಿ ಮತ್ತು ಟ್ಯಾಪೆಟ್ ವಿಷಯ ನಿಮಗೆಲ್ಲ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸುಟ್ಟು ಗುಳಿ ಬಿದ್ದಿದೆಯೇ, ಅಂತರ ಕೈಪಿಡಿ ಹೇಳಿದಷ್ಟಿದೆಯೇ, ಕಂಡೆನ್ಸರ್ ಬಿಸಿಯಾದ ಮೇಲೆ ಕೈಕೊಡುತ್ತಿದೆಯೇ, ಡಿಸ್ಟ್ರಿಬ್ಯೂಟರ್ ಶಾಫ್ಟ್ ಅಲುಗಾಡುತ್ತಿದೆಯೇ ನೋಡಿ. ಟೈಮಿಂಗ್ ತಡವಾಗಿದ್ದರೆ ಐಡ್ಲಿಂಗ್ ಎಂದೂ ನೆಟ್ಟಗೆ ನಿಲ್ಲುವುದಿಲ್ಲ. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಆ ಸಿಲಿಂಡರ್ ನಿಧಾನ ಓಟದಲ್ಲಿ ಸೋಲುತ್ತದೆ. 2000ದಲ್ಲಿ ದೇಶದಲ್ಲೆಲ್ಲ ಸೀಸ ಬೆರೆಸದ ಪೆಟ್ರೋಲ್ ಬಂದ ಮೇಲೆ ಹಳೆಯ ಮೆದು ವಾಲ್ವ್ ಸೀಟುಗಳು ಸವೆದು ಟ್ಯಾಪೆಟ್ ತಾನಾಗಿಯೇ ಬಿಗಿಯಾಗುವುದು ಹೆಚ್ಚಾಗಿದೆ. ಟ್ಯಾಪೆಟ್ ಶಬ್ದವೇ ಇಲ್ಲ ಎಂದು ಹಿಗ್ಗುವ ಮಾಲೀಕರನ್ನು ಕಂಡರೆ ನನಗೆ ಸ್ವಲ್ಪ ಭಯ.

ಒಂದು ಎಚ್ಚರಿಕೆ. ಮಸಿ ಹಿಡಿದ ಪ್ಲಗ್ಗಿನಲ್ಲಿ ವಿದ್ಯುತ್ತು ಮಸಿಯ ಮೇಲೆಯೇ ಹರಿದು ಹೋಗಿ ಕಿಡಿ ಬಲಹೀನವಾಗುತ್ತದೆ. ಕಿಡಿ ಬಲಹೀನವಾದರೆ ಮಸಿ ಇನ್ನೂ ಹೆಚ್ಚುತ್ತದೆ. ಮೂಲ ದೋಷ ಸರಿಪಡಿಸಿದ ಮೇಲೂ ಹಳೆಯ ಪ್ಲಗ್ಗನ್ನೇ ಹಾಕಿ ಓಡಿಸಿದರೆ "ಏನೂ ಪ್ರಯೋಜನವಾಗಲಿಲ್ಲ" ಎಂದೇ ಅನಿಸುತ್ತದೆ. ಪ್ಲಗ್ ಶುಚಿ ಮಾಡಿ ಅಥವಾ ಹೊಸದು ಹಾಕಿ, ಆಮೇಲೆ ತೀರ್ಮಾನಿಸಿ.

ಈಗ ಸಾಕ್ಷಿಯ ಕಡೆಗೆ ಬರೋಣ. ಶಿಡ್ಲಘಟ್ಟದಿಂದ ಬಂದಿರುವ ಮೇಷ್ಟ್ರು ತಮ್ಮ ಪದ್ಮಿನಿಯನ್ನು ನಮಗೆ ಒಪ್ಪಿಸಿದ್ದಾರೆ. ಅವರ ದೂರು: ಗಾಡಿ ಓಡುವಾಗ ಪರವಾಗಿಲ್ಲ, ನಿಂತರೆ ಇಡೀ ಬಾಡಿ ನಡುಗುತ್ತದೆ, ಹಿಂದೆ ಗೋಡೆಯಿದ್ದರೆ ಗೋಡೆಗೆ ಕಪ್ಪು ಕಲೆ. ಎಷ್ಟು ಗ್ಯಾರೇಜ್ ತಿರುಗಿದರೂ "ಟ್ಯೂನಿಂಗ್ ಮಾಡಿಕೊಡುತ್ತೇವೆ ಮೇಷ್ಟ್ರೇ" ಎಂಬ ಉತ್ತರವೇ ಸಿಕ್ಕಿದೆಯಂತೆ. ಎಲ್ಲರೂ ಹೊರಗೆ ಬನ್ನಿ.

(ಇಲ್ಲಿಂದ ಮುಂದಿನದು ಅಂಗಳದಲ್ಲಿ ನಡೆದದ್ದು.)

ಎಂಜಿನ್ ಬಿಸಿಯಾಗುವವರೆಗೆ ಕಾದೆವು. ತಣ್ಣಗಿರುವ ಎಂಜಿನ್ನಿನಲ್ಲಿ ಮಿಶ್ರಣದ ಪರೀಕ್ಷೆ ಮಾಡಿದರೆ ಸಿಗುವುದು ಸುಳ್ಳು ಉತ್ತರ. ಬಳಿಕ ಮಿಕ್ಸ್ಚರ್ ಸ್ಕ್ರೂವನ್ನು ನಿಧಾನವಾಗಿ ಒಳಗೆ ತಿರುಗಿಸುತ್ತ ಹೋದೆ. ಆರೋಗ್ಯವಾಗಿರುವ ಸೊಲೆಕ್ಸ್ ಆಗಿದ್ದರೆ ಸ್ಕ್ರೂ ಪೂರ್ತಿ ಕೂರುವ ಹೊತ್ತಿಗೆ ಎಂಜಿನ್ ನಿಲ್ಲಲೇಬೇಕು. ಐಡ್ಲಿಂಗ್ ಪೆಟ್ರೋಲಿನ ಏಕೈಕ ಬಾಗಿಲು ಅದು, ಮುಚ್ಚಿದರೆ ಉಪವಾಸ. ಮೇಷ್ಟ್ರ ಪದ್ಮಿನಿ ನಿಲ್ಲಲಿಲ್ಲ. ಸ್ಕ್ರೂ ಕೂತಿದೆ, ಎಂಜಿನ್ ನಡುಗುತ್ತಲೇ ಓಡುತ್ತಿದೆ. ಹಾಗೆ ಕೂರಿಸುವಾಗ ಬಲ ಹಾಕಬೇಡಿ, ಬೆರಳ ತುದಿಯ ಬಲ ಸಾಕು. ಬಿಗಿದರೆ ಸ್ಕ್ರೂವಿನ ಮೊನೆಗೆ ಉಂಗುರದಂತೆ ಗೀರು ಬಿದ್ದು ಮುಂದೆ ಎಂದೂ ಸರಿಯಾಗಿ ಹೊಂದುವುದಿಲ್ಲ.

ಈ ಒಂದು ಪರೀಕ್ಷೆ ದಾರಿಯನ್ನು ಎರಡಾಗಿ ಸೀಳುತ್ತದೆ. ಸ್ಕ್ರೂ ಮುಚ್ಚಿದಾಗ ಎಂಜಿನ್ ನಿಂತರೆ ಹೆಚ್ಚುವರಿ ಪೆಟ್ರೋಲ್ ಆ ಬಾಗಿಲಿನಿಂದಲೇ ಬರುತ್ತಿತ್ತು. ಪೈಲಟ್ ಜೆಟ್ ದೊಡ್ಡದಾಗಿದೆ, ಅಥವಾ ಅದಕ್ಕೆ ಗಾಳಿ ಕೊಡುವ ಏರ್ ಜೆಟ್ ಕಟ್ಟಿಕೊಂಡಿದೆ, ಅಥವಾ ಸ್ಕ್ರೂ ಮಾತ್ರವೇ ಹೆಚ್ಚು ತೆರೆದಿತ್ತು. ನಿಲ್ಲದಿದ್ದರೆ ಪೆಟ್ರೋಲಿಗೆ ಬೇರೆ ದಾರಿಯಿದೆ, ಆ ಸ್ಕ್ರೂವನ್ನು ಜನ್ಮವಿಡೀ ತಿರುಗಿಸಿದರೂ ಫಲವಿಲ್ಲ.

ಬೇರೆ ದಾರಿಗಳು ಯಾವುವು? ಮೊದಲನೆಯದು ನಾವೇ ಮಾಡಿಕೊಂಡದ್ದು. ಗಾಡಿ ನಿಲ್ಲುತ್ತದೆ ಎಂದು ಥ್ರಾಟಲ್ ಪ್ಲೇಟ್ ಪೂರ್ತಿ ಮುಚ್ಚದಂತೆ ತಡೆಯುವ ಥ್ರಾಟಲ್ ಸ್ಟಾಪ್ ಸ್ಕ್ರೂ ಏರಿಸುತ್ತೇವೆ. ಥ್ರಾಟಲ್ ಪ್ಲೇಟಿನ ಅಂಚಿಗೆ ತುಸು ಮೇಲೆ ಒಂದೆರಡು ಸಣ್ಣ ರಂಧ್ರಗಳಿವೆ. ಆಕ್ಸಿಲರೇಟರ್ ಒತ್ತಲು ಶುರುಮಾಡಿದಾಗ ಎಂಜಿನ್ ತಡವರಿಸದಿರಲಿ ಎಂದು ಇಟ್ಟವು. ಪ್ಲೇಟ್ ಹೆಚ್ಚು ತೆರೆದು ನಿಂತರೆ ಆ ರಂಧ್ರಗಳು ಐಡ್ಲಿಂಗ್‌ನಲ್ಲೇ ಪೆಟ್ರೋಲ್ ಸುರಿಯತೊಡಗುತ್ತವೆ. ಆಗ ಮಿಕ್ಸ್ಚರ್ ಸ್ಕ್ರೂವಿಗೆ ಅಧಿಕಾರವೇ ಉಳಿಯುವುದಿಲ್ಲ. ಮೇಷ್ಟ್ರ ಗಾಡಿಯ ಸ್ಟಾಪ್ ಸ್ಕ್ರೂ ನೋಡಿದೆ. ಅಂಥ ಏರಿಕೆಯೇನೂ ಇರಲಿಲ್ಲ.

ಎರಡನೆಯದು ಚೋಕ್, ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಏರ್ಪಾಡು. ಒಳಗಿನ ಗುಂಡಿ ಪೂರ್ತಿ ಒತ್ತಿದ್ದರೂ ಕೇಬಲ್ಲಿನ ಹೊರಕವಚ ಜಾರಿದ್ದರೆ ಕಾರ್ಬ್ಯುರೇಟರಿನ ಬಳಿ ಲಿವರ್ ಪೂರ್ತಿ ಹಿಂದಕ್ಕೆ ಬಂದಿರುವುದಿಲ್ಲ. ಕೆಲವು ಸೊಲೆಕ್ಸ್‌ಗಳಲ್ಲಿ ಬಾಯಿಗೆ ಅಡ್ಡ ಬರುವ ಚೋಕ್ ಪ್ಲೇಟ್ ಇರುವುದೇ ಇಲ್ಲ, ಪಕ್ಕದಲ್ಲಿ ರಂಧ್ರಗಳಿರುವ ಬಿಲ್ಲೆಯೊಂದು ತಿರುಗುತ್ತದೆ. ಅಂಥದ್ದರಲ್ಲಿ ಮೇಲಿನಿಂದ ಬಗ್ಗಿ "ಚೋಕ್ ತೆರೆದೇ ಇದೆ" ಎನ್ನುವುದಕ್ಕೆ ಅರ್ಥವಿಲ್ಲ. ಕೈಯಿಂದಲೇ ಲಿವರನ್ನು ಕೊನೆಯವರೆಗೆ ತಳ್ಳಿ ನೋಡಬೇಕು. ಇಲ್ಲಿ ತಳ್ಳಿದೆ. ವ್ಯತ್ಯಾಸವಾಗಲಿಲ್ಲ.

ಮೂರನೆಯದು ಫ್ಲೋಟ್ ಛೇಂಬರ್, ಕಾರ್ಬ್ಯುರೇಟರಿನ ಪುಟ್ಟ ಪೆಟ್ರೋಲ್ ತೊಟ್ಟಿ. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಹಾಳಾದರೆ ನೀರು ಹೊರಕ್ಕೆ ಹರಿಯುತ್ತದಲ್ಲ, ಇಲ್ಲಿ ಹಾಗೆಯೇ. ಆದರೆ ಹರಿದದ್ದು ಬೀದಿಗೆ ಹೋಗುವುದಿಲ್ಲ, ಎಂಜಿನ್ನಿಗೆ ಹೋಗುತ್ತದೆ. ಫ್ಲೋಟ್ ಮಟ್ಟ ಮೇಲಿದ್ದರೆ ನಿದ್ರಿಸಬೇಕಾದ ಮೇನ್ ಜೆಟ್ಟಿನ ನಳಿಕೆಯಿಂದ ಐಡ್ಲಿಂಗ್‌ನಲ್ಲೂ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಗಂಟಲೊಳಗೆ ನೋಡಿದರೆ ಕಾಣುತ್ತದೆ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು: ನಳಿಕೆಯ ತುದಿಯಲ್ಲಿ ಒಂದು ಹನಿ ಕಟ್ಟುತ್ತದೆ, ತೂಗುತ್ತದೆ, ಬೀಳುತ್ತದೆ, ಬಿದ್ದ ಮರುಕ್ಷಣ ಎಂಜಿನ್ ಒಮ್ಮೆ ಮುಗ್ಗರಿಸುತ್ತದೆ. ಮತ್ತೆ ಹನಿ, ಮತ್ತೆ ಮುಗ್ಗರಿಕೆ.

ಅನುಮಾನ ಉಳಿಯಬಾರದೆಂದು ಇನ್ನೊಂದು ಪರೀಕ್ಷೆ ಮಾಡಿದೆವು. ಪಂಪ್‌ನಿಂದ ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಪೈಪನ್ನು ಬಟ್ಟೆ ಸುತ್ತಿ ಇಕ್ಕಳದಿಂದ ಒತ್ತಿ ಹಿಡಿದೆ. ಹೊಸ ಪೆಟ್ರೋಲ್ ಬರುವುದು ನಿಂತಿತು. ಛೇಂಬರಿನಲ್ಲಿದ್ದದ್ದು ಇಳಿಯುತ್ತ ಬಂದಂತೆ ನಡುಕ ಕಡಿಮೆಯಾಯಿತು. ಆಮೇಲೆ ಒಂದಷ್ಟು ಹೊತ್ತು ಆ ಪದ್ಮಿನಿ ಎಷ್ಟು ನಯವಾಗಿ ಓಡಿತೆಂದರೆ, ಮೇಷ್ಟ್ರು "ಹಾಗೇ ಹಿಡಿದುಕೊಂಡಿರಿ, ನಾನು ಊರಿಗೆ ಹೋಗಿಬಿಡುತ್ತೇನೆ" ಎಂದರು. ಎಲ್ಲರೂ ನಗುತ್ತಿರುವಾಗ ಪೆಟ್ರೋಲ್ ಮುಗಿದು ಎಂಜಿನ್ ನಿಂತಿತು. ಮಟ್ಟ ಇಳಿದಾಗ ಸರಿಯಾಗಿ ಓಡಿದರೆ ಮಟ್ಟ ಮೇಲಿತ್ತು ಎಂದಲ್ಲದೆ ಬೇರೇನೂ ಅರ್ಥವಿಲ್ಲ.

ಮೇಲಿನ ಮುಚ್ಚಳ ಬಿಚ್ಚಿದೆವು. ಹತ್ತಿರ ಬೀಡಿ ಸಿಗರೇಟು ಬೇಡ, ಬ್ಯಾಟರಿ ಟರ್ಮಿನಲ್ ಕಳಚಿ, ಎಂಜಿನ್ ತಣಿಯಲಿ. ಮಟ್ಟ ಏರಲು ಸಾಮಾನ್ಯ ಕಾರಣಗಳು ಕೆಲವೇ. ಹಿತ್ತಾಳೆಯ ಫ್ಲೋಟಿಗೆ ಸಣ್ಣ ಬಿರುಕು ಬಿಟ್ಟು ಒಳಗೆ ಪೆಟ್ರೋಲ್ ಸೇರಿರಬಹುದು. ಕಿವಿಯ ಬಳಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ, ಬಿಸಿನೀರಿನಲ್ಲಿ ಅದ್ದಿದರೆ ಬಿರುಕಿನಿಂದ ಗುಳ್ಳೆ ಏಳುತ್ತದೆ. ಅದಕ್ಕೆ ಬೆಸುಗೆ ಹಾಕಿಸುವುದು ನಮ್ಮಲ್ಲಿ ರೂಢಿ. ಬೆಸುಗೆಯ ತೂಕದಿಂದ ಫ್ಲೋಟ್ ಭಾರವಾಗಿ ಮಟ್ಟ ಮತ್ತೆ ಏರುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಛೇಂಬರಿಗೆ ಪೆಟ್ರೋಲ್ ಬಿಡುವ, ತಡೆಯುವ ನೀಡಲ್ ವಾಲ್ವಿನ ಕೆಳಗಿನ ವಾಷರ್ ಇನ್ನೊಂದು. ಸೊಲೆಕ್ಸ್‌ನಲ್ಲಿ ಆ ವಾಷರಿನ ದಪ್ಪವೇ ಮಟ್ಟವನ್ನು ನಿರ್ಧರಿಸುತ್ತದೆ. ಕೈಗೆ ಸಿಕ್ಕ ತೆಳು ವಾಷರ್ ಹಾಕಿದರೆ ಮಟ್ಟ ಏರುತ್ತದೆ. ಹಾಕುವುದನ್ನೇ ಮರೆತರೆ ಥ್ರೆಡ್ಡಿನ ಸಂದಿನಿಂದ ಪೆಟ್ರೋಲ್ ಸದಾ ನುಸುಳುತ್ತದೆ, ನೀಡಲ್ ಮುಚ್ಚಿದ್ದರೂ ಅಷ್ಟೇ.

ಮೇಷ್ಟ್ರ ಗಾಡಿಯಲ್ಲಿ ಫ್ಲೋಟ್ ಒಣಗಿತ್ತು, ವಾಷರ್ ಸರಿಯಿತ್ತು. ನೀಡಲ್ ಹೊರತೆಗೆದು ಬೆಳಕಿಗೆ ಹಿಡಿದೆ. ಅದರ ಮೊನೆಯ ಇಳಿಜಾರಿನಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಸುತ್ತು ಗೀರು, ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುವಂತೆ. ಅದಕ್ಕಿಂತ ಹೆಚ್ಚು ಮಾತಾಡಿದ್ದು ಛೇಂಬರಿನ ತಳ. ಅಲ್ಲಿ ಮೆತ್ತಗಿನ ಕಪ್ಪು ಚೂರುಗಳಿದ್ದವು, ಬೆರಳಿನಲ್ಲಿ ಉಜ್ಜಿದರೆ ಮಸಿಯಾಗುವಂಥವು. ರಬ್ಬರ್. ಪೈಪನ್ನು ಕತ್ತರಿಸಿ ಒಳಗೋಡೆ ನೋಡಿದಾಗ ಅದು ಉಬ್ಬಿ, ಪದರ ಪದರವಾಗಿ ಬಿಡುತ್ತಿತ್ತು. ಒಂದು ಚೂರು ನೀಡಲ್ ಮತ್ತು ಸೀಟಿನ ನಡುವೆ ಸಿಕ್ಕಿಕೊಂಡರೆ ಸಾಕು, ವಾಲ್ವ್ ಮುಚ್ಚುವುದಿಲ್ಲ. ಹೊಸ ನೀಡಲ್ ಸೆಟ್, ಎಥನಾಲ್ ತಡೆಯುವ ಹೊಸ ಪೈಪ್, ಒಂದು ಫಿಲ್ಟರ್ ಹಾಕಿದ ಮೇಲೆ ಸ್ಕ್ರೂ ಮುಚ್ಚಿದಾಗ ಎಂಜಿನ್ ಗಪ್ಪೆಂದು ನಿಂತಿತು. ಅದಾದ ಮೇಲೆಯೇ ಆ ಸ್ಕ್ರೂವನ್ನು ಹೊಂದಿಸುವುದಕ್ಕೆ ಅರ್ಥ ಬಂದದ್ದು.

ಎಥನಾಲ್ ಎಂದೆನಲ್ಲ, ಈಗ ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ವಿಷಯ. ಇದರ ಬಗ್ಗೆ ಸಾಕಷ್ಟು ಗೊಂದಲ ಕೇಳಿದ್ದೇನೆ.

ನಮ್ಮ ಹಳೆಯ ಕಾರುಗಳೆಲ್ಲ ಸಮುದ್ರಮಟ್ಟದಲ್ಲಿ ಹುಟ್ಟಿದವು. ಪದ್ಮಿನಿ ಮುಂಬೈಯ ಕುರ್ಲಾದ್ದು, ಅಂಬಾಸಿಡರ್ ಹೂಗ್ಲಿ ದಂಡೆಯ ಉತ್ತರಪಾರಾದ್ದು, ಹೆರಾಲ್ಡ್ ಮದ್ರಾಸಿನದು. ಚಿಕ್ಕಬಳ್ಳಾಪುರ ಇರುವುದು 900 ಮೀಟರಿಗೂ ಮೇಲೆ, ನಂದಿಬೆಟ್ಟದ ತುದಿ 1478 ಮೀಟರ್. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾಮಾನ್ಯ ಕಾರ್ಬ್ಯುರೇಟರ್ ಅದನ್ನು ಅರಿಯದು. ಅಷ್ಟೇ ಗಾತ್ರದ ಗಾಳಿಗೆ ಹೆಚ್ಚುಕಡಿಮೆ ಮೊದಲಿನಷ್ಟೇ ಪೆಟ್ರೋಲ್ ಕೊಡುತ್ತದೆ. ಲೆಕ್ಕ ಹಾಕಿದರೆ ಮೇನ್ ಜೆಟ್ಟಿನ ಮಿಶ್ರಣ ಸಮುದ್ರಮಟ್ಟಕ್ಕಿಂತ ಈ ಊರಿನಲ್ಲಿ ಶೇ 4ರಿಂದ 5ರಷ್ಟು, ನಂದಿಯ ಮೇಲೆ ಶೇ 7ರ ಆಸುಪಾಸು ರಿಚ್. ಬೆಟ್ಟದ ತಿರುವುಗಳಲ್ಲಿ ಎಳೆತ ಸೋಲುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ನಮ್ಮ ಹಳೆಯ ಮೆಕ್ಯಾನಿಕ್ಕುಗಳು "ಎತ್ತರದ ಊರು, ಗಾಡಿ ಸ್ವಲ್ಪ ಮಸಿ ಹಿಡಿಯುತ್ತದೆ" ಎನ್ನುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ಮಾತು.

ಈಗ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20ಗೆ, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ, ಚಾಲನೆ ಸಿಕ್ಕಿತು, ಇಂದು ಬಂಕ್‌ನಲ್ಲಿ ಸಿಗುವುದು ಅದೇ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿದೆ. ಅದು ಉರಿಯಲು ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಶೇ 20 ಬೆರೆಸಿದ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಸಾಕು. ಅಂದರೆ ಹಳೆಯ ಜೆಟ್ಟುಗಳಲ್ಲಿ ಇದೇ ಇ20 ಹಾಕಿದರೆ ಮಿಶ್ರಣ ಶೇ 8ರಷ್ಟು ಲೀನ್ ಕಡೆಗೆ ವಾಲುತ್ತದೆ. ಎತ್ತರ ಒಂದು ಕಡೆ ಎಳೆಯುತ್ತದೆ, ಎಥನಾಲ್ ಇನ್ನೊಂದು ಕಡೆ. ಚಿಕ್ಕಬಳ್ಳಾಪುರದಲ್ಲಿ ಗೆಲ್ಲುವುದು ಎಥನಾಲ್. ಮೂಲ ಜೆಟ್ಟುಗಳಿರುವ ಗಾಡಿ ಇವತ್ತು ಇಲ್ಲಿ ಸ್ವಲ್ಪ ಲೀನ್ ಆಗಿ ಓಡಬೇಕು. ಹಾಗಿದ್ದೂ ಕಪ್ಪು ಹೊಗೆ ಬಿಡುತ್ತಿದ್ದರೆ ಊರಿನ ಎತ್ತರದ ಮೇಲೆ ತಪ್ಪು ಹೊರಿಸುವಂತಿಲ್ಲ. ಎಲ್ಲೋ ಒಂದು ಭಾಗ ಕೆಟ್ಟಿದೆ ಎಂದೇ ಅರ್ಥ. ಮತ್ತು ಆ ಕೆಡುಕಿನ ಹಿಂದೆ ಎಷ್ಟೋ ಸಲ ಎಥನಾಲೇ ಇರುತ್ತದೆ: ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ ಹಳೆಯ ಕೊಳೆಯನ್ನು ಬಿಡಿಸುತ್ತದೆ, ಅದೆಲ್ಲ ನೀಡಲ್ ಬಳಿಗೆ ಬರುತ್ತದೆ. ಮಿಶ್ರಣವನ್ನು ಲೀನ್ ಮಾಡಬೇಕಾದ ಇಂಧನವೇ ಗಾಡಿಯನ್ನು ರಿಚ್ ಮಾಡಿಸುವುದು ಹೀಗೆ.

ಎತ್ತರದ ಇನ್ನೊಂದು ಪರಿಣಾಮ, ಎಂಜಿನ್ನಿನ ಹೀರುವಿಕೆ ಅಳೆಯುವ ವ್ಯಾಕ್ಯೂಮ್ ಗೇಜ್ ಹಿಡಿಯುವವರಿಗೆ. ಆರೋಗ್ಯದ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ವ್ಯಾಕ್ಯೂಮ್ ತೋರಿಸಬೇಕೆಂದು ಪುಸ್ತಕದಲ್ಲಿರುತ್ತದೆ. ಅದು ಸಮುದ್ರಮಟ್ಟದ ಅಂಕಿ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಇಲ್ಲಿ ಮೂರು ಇಂಚು. ಹದಿನೈದು ತೋರಿಸಿತೆಂದು ಒಳ್ಳೆಯ ಎಂಜಿನ್ ಬಿಚ್ಚಿ ಹಾಕಬೇಡಿ. ಮುಳ್ಳು ಸ್ಥಿರವಾಗಿದೆಯೇ, ಕುಣಿಯುತ್ತಿದೆಯೇ ಎಂಬುದೇ ಮುಖ್ಯ.

ಜೆಟ್ ವಿಷಯಕ್ಕೆ ಒಬ್ಬರು ಕೇಳಿದರು: "ಕಟ್ಟಿಕೊಂಡರೆ ತಂತಿ ಹಾಕಿ ಚುಚ್ಚುತ್ತೇವೆ, ತಪ್ಪೇ?" ತಪ್ಪೇ. ಸೊಲೆಕ್ಸ್ ಜೆಟ್ಟಿನ ಮೇಲಿನ ಸಂಖ್ಯೆ ರಂಧ್ರದ ಅಳತೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 50 ಎಂದರೆ ಅರ್ಧ ಮಿಲಿಮೀಟರ್. ತಂತಿ ಉಜ್ಜಿ ಅದು 55 ಆದರೆ ರಂಧ್ರದ ವಿಸ್ತೀರ್ಣ ಶೇ 21ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ, ಐದರಲ್ಲಿ ಒಂದು ಪಾಲು ಹೆಚ್ಚು ಪೆಟ್ರೋಲ್. ಕಂಪ್ರೆಸರಿನ ಗಾಳಿ ಊದಿ, ಅದೂ ಸಾಲದಿದ್ದರೆ ಕ್ಲೀನರ್‌ನಲ್ಲಿ ನೆನೆಸಿ. ಏರ್ ಜೆಟ್ಟುಗಳನ್ನು ಮರೆಯಬೇಡಿ. ಚಿಂತಾಮಣಿ ಕಡೆಯ ಧೂಳಿಗೆ ಅವೇ ಮೊದಲು ಕಟ್ಟಿಕೊಳ್ಳುವುದು.

ಏರ್ ಫಿಲ್ಟರ್ ಕೊಳೆಯಾದರೆ ಐಡ್ಲಿಂಗ್ ಕೆಡುತ್ತದೆ ಎಂಬ ನಂಬಿಕೆಯಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಅತ್ಯಲ್ಪ, ಸಾಕಷ್ಟು ಕೊಳೆಯಾದ ಫಿಲ್ಟರ್ ಕೂಡ ಅಷ್ಟನ್ನು ಬಿಡುತ್ತದೆ. ಅದರ ಪರಿಣಾಮ ಕಾಣುವುದು ವೇಗದಲ್ಲಿ. ಬದಲಿಸಿ, ಬೇಡ ಎನ್ನುವುದಿಲ್ಲ. ಐಡ್ಲಿಂಗ್ ಸರಿಹೋಗಲಿಲ್ಲವೆಂದು ಅಚ್ಚರಿಪಡಬೇಡಿ.

ಅಂಬಾಸಿಡರಿನವರು ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ. ಎಸ್‌ಯುನಲ್ಲಿ ಐಡ್ಲಿಂಗ್‌ಗೆ ಪ್ರತ್ಯೇಕ ಜೆಟ್ ಇಲ್ಲ. ಒಂದೇ ಜೆಟ್, ಅದರೊಳಗೆ ಏರಿಳಿಯುವ ಒಂದೇ ಸೂಜಿ, ಎಲ್ಲ ವೇಗಕ್ಕೂ ಅದೇ. ಆದ್ದರಿಂದ ಸ್ಕ್ರೂ ಮುಚ್ಚುವ ಪರೀಕ್ಷೆ ಇಲ್ಲಿ ಇಲ್ಲ. ಬದಲಿಗೆ ಕಾರ್ಬ್ಯುರೇಟರಿನದೇ ಪಿಸ್ಟನ್ (ಆ ಸೂಜಿಯನ್ನು ಹೊತ್ತಿರುವ ಭಾಗ) ಎತ್ತುವ ಪಿನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಓಟ ಏರಿ ಏರಿದಲ್ಲೇ ನಿಂತರೆ ರಿಚ್, ಒಮ್ಮೆ ಏರಿ ಮೊದಲಿನಂತಾದರೆ ಸರಿ, ಮುಗ್ಗರಿಸಿ ನಿಂತರೆ ಲೀನ್. ಎಸ್‌ಯು ರಿಚ್ ಆಗುವ ಪ್ರಮುಖ ಕಾರಣ ಚೋಕ್. ಅದರಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ. ಗುಂಡಿ ಒತ್ತಿದ ಮೇಲೆ ಜೆಟ್ ಮೇಲಕ್ಕೆ ಬರದೆ ಸಿಕ್ಕಿಕೊಂಡರೆ ಗಾಡಿ ಇಡೀ ದಿನ ಚೋಕ್‌ನಲ್ಲೇ ಓಡುತ್ತದೆ. ಕೆಳಗೆ ಕೈಹಾಕಿ ಜೆಟ್ಟನ್ನು ಮೇಲಕ್ಕೆ ಒತ್ತಿ ನೋಡಿ. ಪಿಸ್ಟನ್ ಎತ್ತಿ ಬಿಟ್ಟರೆ ಠಕ್ಕೆಂದು ಕೂರಬೇಕು. ಡ್ಯಾಶ್‌ಪಾಟ್‌ನಲ್ಲಿ ತೆಳು ಎಣ್ಣೆ ಇರಲಿ. ಇದಿಷ್ಟು ಸರಿಯಿದ್ದು ಫ್ಲೋಟೂ ಸರಿಯಿದ್ದರೆ ಆಗ ಜೆಟ್ಟಿನ ಕೆಳಗಿನ ನಟ್ಟು ಮುಟ್ಟಿ. ಅದನ್ನು ಮೇಲಕ್ಕೆ ತಿರುಗಿಸಿದರೆ ಲೀನ್.

ಪದ್ಮಿನಿಯಲ್ಲಿ ಕೊನೆಯ ಹೊಂದಾಣಿಕೆ ಹೀಗೆ. ಸ್ಕ್ರೂ ಹಗುರವಾಗಿ ಕೂರಿಸಿ ಒಂದೂವರೆ ಸುತ್ತು ಹೊರಕ್ಕೆ. ಎಂಜಿನ್ ಬಿಸಿಯಾದ ಮೇಲೆ ಓಟ ಅತಿ ಹೆಚ್ಚಾಗುವ ಜಾಗ ಹುಡುಕಿ. ಸ್ಟಾಪ್ ಸ್ಕ್ರೂವಿನಿಂದ ವೇಗ ಇಳಿಸಿ. ಮತ್ತೆ ಮಿಕ್ಸ್ಚರ್, ಮತ್ತೆ ಸ್ಟಾಪ್. ನಿಮಿಷಕ್ಕೆ 700ರಿಂದ 800 ಸುತ್ತಿನಲ್ಲಿ ಒಂದೇ ಸಮನೆ ಓಡಿದರೆ ಕೈ ತೆಗೆಯಿರಿ. ಈ ಹಂತದಲ್ಲೂ ಜಾಗ ಸಿಗದೆ ಅಲೆದಾಡಿದರೆ ಥ್ರಾಟಲ್ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದೆಯೇ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಬೇಕು. ಸಂದಿಗೆ ಸ್ವಲ್ಪ ನೀರು ಚಿಮುಕಿಸಿದರೆ ಓಟ ಬದಲಾಗುತ್ತದೆ. ಪೆಟ್ರೋಲ್ ಚಿಮುಕಿಸುವ ಶೂರರಿದ್ದಾರೆ, ಅವರ ಹತ್ತಿರ ನಾನು ನಿಲ್ಲುವುದಿಲ್ಲ.

ಬಿಸಿಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುವುದಿಲ್ಲ ಎಂದು ಹೆರಾಲ್ಡ್ ಮಾಲೀಕರು ಹೇಳಿದರು. ಎಂಜಿನ್ ಶಾಖಕ್ಕೆ ಛೇಂಬರಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಇಳಿದಿರುತ್ತದೆ. ಆಕ್ಸಿಲರೇಟರನ್ನು ಪಂಪ್ ಮಾಡಬೇಡಿ, ಅದು ಇನ್ನಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಪೂರ್ತಿ ಒತ್ತಿ ಹಾಗೆಯೇ ಹಿಡಿದು ಸ್ಟಾರ್ಟರ್ ತಿರುಗಿಸಿ. ಕಾರ್ಬ್ಯುರೇಟರಿನ ಅಡಿಯ ದಪ್ಪ ಫೈಬರ್ ಪ್ಯಾಕಿಂಗ್ ಜಾಗದಲ್ಲಿ ಯಾರಾದರೂ ತೆಳು ಕಾಗದದ ಗ್ಯಾಸ್ಕೆಟ್ ಹಾಕಿದ್ದಾರೆಯೇ ಎಂದೂ ನೋಡಿಕೊಳ್ಳಿ.

ಮೇಷ್ಟ್ರು ಹೊರಡುವ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದೆ. ಎಣ್ಣೆಗೆ ಪೆಟ್ರೋಲ್ ವಾಸನೆಯಿತ್ತು, ಮಟ್ಟವೂ ಗುರುತಿಗಿಂತ ಮೇಲಿತ್ತು. ಬಹಳ ದಿನ ರಿಚ್ ಓಡಿದ ಗಾಡಿಯಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಎಣ್ಣೆಯನ್ನು ತೆಳು ಮಾಡುತ್ತದೆ. ಪಂಪ್‌ನ ಡಯಾಫ್ರಮ್ ಹರಿದರೂ ಇದೇ ಆಗುತ್ತದೆ, ಆದ್ದರಿಂದ ಅದನ್ನೂ ಬಿಚ್ಚಿ ನೋಡಿದೆವು, ಗಟ್ಟಿಯಾಗಿತ್ತು. ಎಣ್ಣೆ ಮತ್ತು ಫಿಲ್ಟರ್ ಬದಲಿಸಿಕೊಂಡೇ ಶಿಡ್ಲಘಟ್ಟದ ದಾರಿ ಹಿಡಿಯಿರಿ ಎಂದೆ. ಹೊಸ ಎಣ್ಣೆ ಹಾಕಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ಡಿಪ್‌ಸ್ಟಿಕ್ ಮೂಸಿ ನೋಡಬೇಕು, ಮತ್ತು ಎಮಿಷನ್ ಟೆಸ್ಟಿನ ಚೀಟಿಯನ್ನು ಈ ಸಲ ಓದಿ ನನಗೆ ಅಂಕಿ ಹೇಳಬೇಕು ಎಂದು ಅವರಿಂದ ಒಪ್ಪಿಗೆ ಪಡೆದಿದ್ದೇನೆ.